ದನಕ್ಕೆ ಜ್ವರ ಬಂದ್ರೆ ದಿಲ್ಲಿಗೆ ಎಂತಕ್ಕೆ ಹೇಳಬೇಕು? ಜಾನುವಾರು ರೋಗದ ನಿಗಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಶಿರಸಿ ಸೀಮೆಯ ಒಂದು ಹಾಲಿನ ಸೊಸೈಟಿಯಲ್ಲಿ ಬಹಳ ವರ್ಷ ಲೆಕ್ಕ ಬರೆದವನು ನಾನು. ಬೆಳಿಗ್ಗೆ ಕ್ಯಾನು ಹಿಡಿದು ನಿಂತವರು ಕೇಳಿದ್ದು, ಕುಮಟಾ, ಅಂಕೋಲಾ ಕಡೆಯ ನೆಂಟರು ಪತ್ರದಲ್ಲಿ ಬರೆದದ್ದು, ಹಿಂದಿನ ಬರಹಗಳಿಗೆ ಬಂದ ಕಮೆಂಟು, ಎಲ್ಲ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ. ಔಷಧಿ ಮಾತ್ರ ಕೇಳಬೇಡಿ.

### ಕೊಟ್ಟಿಗೆಯ ಮಟ್ಟದ್ದು

ನಮ್ಮ ಕೊಟ್ಟಿಗೆ ದನಕ್ಕೆ ಜ್ವರ ಬಂದ್ರೆ ದಿಲ್ಲಿಯವರಿಗೆ ಎಂತಕ್ಕೆ ಗೊತ್ತಾಗಬೇಕು ಮಾರಾಯ್ರೆ?

ಚರ್ಮಗಂಟು ರೋಗವನ್ನೇ ನೋಡಿ. ನಮ್ಮ ದೇಶದಲ್ಲಿ ಅದು ಮೊದಲು ಕಂಡಿದ್ದು 2019ರಲ್ಲಿ, ಒಡಿಶಾದಲ್ಲಿ. ಮರುವರ್ಷ ಕರ್ನಾಟಕಕ್ಕೆ ಬಂತು. 2022ರಲ್ಲಿ ದೇಶದ ಉದ್ದಗಲಕ್ಕೂ ದನ ಸತ್ತವು. ಒಡಿಶಾದ ಯಾವುದೋ ಹಳ್ಳಿಯ ದನದ ಮೈಮೇಲೆ ಎದ್ದ ಗಂಟಿಗೂ ನಮ್ಮ ಕೊಟ್ಟಿಗೆಗೂ ಮೂರೇ ವರ್ಷದ ದೂರ. ಊರೊಳಗೆ ನೊಣ, ಸೊಳ್ಳೆ ಹರಡಿಸುತ್ತವೆ. ಊರಿಂದೂರಿಗೆ ಲಾರಿ ಏರಿದ ದನ ಸಾಕು, ಒಂದೇ ರಾತ್ರಿ.

ಒಂದು ಕೊಟ್ಟಿಗೆಯ ಜ್ವರ ಬರೀ ಜ್ವರ. ಒಂದೇ ವಾರದಲ್ಲಿ ಐದು ತಾಲೂಕಿನ ನಲವತ್ತು ಕೊಟ್ಟಿಗೆಯ ಜ್ವರವನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದರೆ ಆಗ ಅದರ ದಾರಿ ಕಾಣುತ್ತದೆ. ಆ ಹಾಳೆ ತುಂಬುವುದಕ್ಕೇ ನಿಗಾ ಅನ್ನುವುದು.

ನನಗೆ ಇದು ಗೊತ್ತಾಗಿದ್ದು ಸೊಸೈಟಿ ಪುಸ್ತಕದಿಂದ. ದಿನಾ ಆರು ಲೀಟರ್ ಹಾಕುವವರು ಎರಡೂವರೆ ಹಾಕುತ್ತಾರೆ. ಆಚೆಮನೆಯವರದ್ದೂ ಇಳಿದಿರುತ್ತದೆ. ಒಬ್ಬರಿಗೊಬ್ಬರು ಹೇಳಿಕೊಂಡಿರುವುದಿಲ್ಲ. ಒಂದು ಬೇಸಿಗೆಯಲ್ಲಿ ನಾಲ್ಕು ಮನೆಯ ಹಾಲು ಒಟ್ಟಿಗೆ ಇಳಿದಾಗ, ಸೆಕೆ ಜಾಸ್ತಿ ಅಲ್ವಾ ಅಂದುಕೊಂಡು ಪುಟ ಮಗುಚಿದೆ. ಮೂರನೇ ದಿನ ಕಾಲುಬಾಯಿ ಜ್ವರ ಅಂತಾಯಿತು. ಆ ಮೂರು ದಿನ ನನ್ನ ಕೈಯಲ್ಲಿತ್ತು.

ಯಾವ ರೋಗಕ್ಕೆ ತಿಳಿಸಬೇಕು? ದನಕ್ಕೆ ಒಂದಲ್ಲ ಒಂದು ಇದ್ದೇ ಇರ್ತದಲ್ಲ.

ರೋಗದ ಹೆಸರು ಹಿಡಿಯುವುದು ಡಾಕ್ಟರ ಕೆಲಸ. ನೀವು ಕಂಡದ್ದನ್ನು ಹೇಳಿ ಸಾಕು. ಬಾಯಲ್ಲಿ ಜೊಲ್ಲು ಸುರಿದು ಗೊರಸಿನ ಸಂದಿಯಲ್ಲಿ ಹುಣ್ಣಾಗಿದ್ದರೆ ಕಾಲುಬಾಯಿಯ ಅನುಮಾನ. ಮೈತುಂಬ ಅಡಿಕೆ ಗಾತ್ರದ ಗಂಟು ಎದ್ದರೆ ಚರ್ಮಗಂಟು. ಗಂಟಲು ಊದಿ ಗೊರಗೊರ ಉಸಿರೆಳೆದರೆ ಗಳಲೆ. ತೊಡೆ ಊದಿ, ಒತ್ತಿದರೆ ಚರಚರ ಅಂದರೆ ಚಪ್ಪೆ ರೋಗ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದರೆ ಕಂದು ರೋಗ ಇರಬಹುದು. ಒಂದೇ ದನಕ್ಕೆ ಅಜೀರ್ಣವಾದರೆ ಸುಮ್ನೆ ಗಾಬರಿ ಬೇಡ. ಎರಡನೇ ದನಕ್ಕೂ ಅದೇ ಶುರುವಾದರೆ ತಡಮಾಡಬೇಡಿ.

ಯಾರಿಗೆ ಹೇಳೋದು? ಡಾಕ್ಟರು ಫೋನೇ ಎತ್ತೋದಿಲ್ಲ.

ಸರ್ಕಾರದ ಸಹಾಯವಾಣಿ 1962. ದುಡ್ಡಿಲ್ಲ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೂ ಇದೇ ನಂಬರ್. ಜೊತೆಗೆ ಹತ್ತಿರದ ಪಶು ಆಸ್ಪತ್ರೆ ಇದ್ದೇ ಇದೆ.

ತುಂಬ ಜನಕ್ಕೆ ಗೊತ್ತಿಲ್ಲದ ಒಂದು ದಾರಿಯೂ ಇದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ ಕೇಂದ್ರದ ಕಾಯ್ದೆ 2009ರಲ್ಲಿ ಬಂತು. ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ಸಾಕಿದವರು ಗ್ರಾಮದ ಅಧಿಕಾರಿಗೋ ಗ್ರಾಮ ಪಂಚಾಯತಿಗೋ ತಿಳಿಸಬೇಕು ಅನ್ನುತ್ತದೆ ಅದು. ಅಲ್ಲಿಂದ ಪಶುವೈದ್ಯರಿಗೆ ಹೋಗಬೇಕು. ಅಂದರೆ ಡಾಕ್ಟರು ಸಿಗಲಿಲ್ಲ ಅಂದರೂ ಪಂಚಾಯತಿಗೆ ಹೇಳಿದರೆ ತಿಳಿಸುವ ಕೆಲಸದಲ್ಲಿ ನಿಮ್ಮ ಪಾಲು ಮುಗಿಯಿತು.

ಆದರೆ ಬಾಯಲ್ಲಿ ಹೇಳಿ ಬರಬೇಡಿ. ನಾನೊಮ್ಮೆ ಒಂದು ಕಚೇರಿಗೆ ಹೋಗಿ ಹೇಳಿ ಬಂದೆ. ಚಹಾ ಕೊಟ್ಟರು, ತಲೆ ಆಡಿಸಿದರು. ತಿಂಗಳ ನಂತರ ಕೇಳಿದರೆ "ನಿಮ್ಮ ಕಡೆಯಿಂದ ವರದಿಯೇ ಇಲ್ಲವಲ್ಲ" ಅಂದರು. ಅವತ್ತಿನಿಂದ ಅರ್ಧ ಹಾಳೆಯಲ್ಲಿ ಬರೆದುಕೊಡುತ್ತೇನೆ: ತಾರೀಕು, ಊರು, ಎಷ್ಟು ದನ, ಕಿವಿ ಬಿಲ್ಲೆಯ ನಂಬರ್, ಏನು ಕಂಡಿತು. ಕೊಡುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ.

ಹೇಳಿದ್ರೆ ನಮ್ಮ ಹಾಲು ತಗೊಳ್ಳೋದು ನಿಲ್ಲಿಸ್ತಾರೆ. ಅದಕ್ಕೇ ಯಾರೂ ಬಾಯಿ ಬಿಡೋದಿಲ್ಲ. ಸುಳ್ಳಾ?

ಸುಳ್ಳಲ್ಲ. ಈ ಭಯ ನಾನು ಕೌಂಟರಿನ ಈಚೆ ಕೂತು ದಿನಾ ನೋಡಿದ್ದೇನೆ. ಎರಡು ದನದ ಮನೆಗೆ ವಾರದ ಹಾಲಿನ ದುಡ್ಡು ಅಂದರೆ ಸಣ್ಣದಲ್ಲ.

ಚರ್ಮಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಕಾಲುಬಾಯಿಯೂ ನಮಗೆ ತೊಂದರೆ ಕೊಡುವ ರೋಗವಲ್ಲ. ಕಂದು ರೋಗದ ಕಥೆ ಬೇರೆ. ಅದು ಹಸಿ ಹಾಲಿನಿಂದಲೂ, ಕಂದು ಹಾಕಿದ ಮಾಸನ್ನು ಬರಿಗೈಯಲ್ಲಿ ಎತ್ತುವುದರಿಂದಲೂ ಮನುಷ್ಯರಿಗೆ ಅಂಟುತ್ತದೆ. ಹಾಲು ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ. ರೋಗದ ದನಕ್ಕೆ ಆಂಟಿಬಯೋಟಿಕ್ ಕೊಟ್ಟಿದ್ದರೆ ಡಾಕ್ಟರು ಹೇಳಿದಷ್ಟು ದಿನ ಅದರ ಹಾಲು ಸೊಸೈಟಿಗೆ ತರಬಾರದು. ಆ ನಷ್ಟ ತುಂಬಿಕೊಡುವ ವ್ಯವಸ್ಥೆ ಸರಿಯಿಲ್ಲ ಅನ್ನುವ ಸಿಟ್ಟು ನನಗೂ ಇದೆ.

ಕಿವಿಗೆ ಹಳದಿ ಬಿಲ್ಲೆ ಹೊಡೆದು ಹೋದ್ರು. ಅದು ಲೆಕ್ಕಕ್ಕಾ, ಕೆಲಸಕ್ಕಾ?

ಎರಡಕ್ಕೂ. ಅದರಲ್ಲಿರುವ 12 ಅಂಕಿ ಆ ದನದ ಆಧಾರ್ ಇದ್ದ ಹಾಗೆ. ಲಸಿಕೆ, ಚಿಕಿತ್ಸೆ, ಕರು ಹಾಕಿದ್ದು ಎಲ್ಲ ಆ ನಂಬರಿನ ಮೇಲೆ 'ಭಾರತ್ ಪಶುಧನ್' ಅನ್ನುವ ದೇಶದ ದಾಖಲೆಗೆ ಏರುತ್ತದೆ. ಯಲ್ಲಾಪುರದಲ್ಲಿ ಕೊಂಡ ಎಮ್ಮೆಗೆ ಲಸಿಕೆ ಆಗಿದೆಯೋ ಇಲ್ಲವೋ ಅಂತ ಹೊನ್ನಾವರದ ಡಾಕ್ಟರು ನೋಡಬಹುದು.

ತೊಂದರೆ ಇರುವುದು ನಮ್ಮ ಸಣ್ಣ ನಾಟಿ ತಳಿ ಮಲೆನಾಡು ಗಿಡ್ಡಗಳಲ್ಲಿ. ಬೆಟ್ಟದಲ್ಲಿ ಮುಳ್ಳುಹಿಂಡಿಗೆ ನುಗ್ಗಿ ಹೊರಬರುವಾಗ ಬಿಲ್ಲೆ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಕಿವಿ ಹರಿದಿರುತ್ತದೆ. ನಮ್ಮ ಮನೆಯ ಗಂಗೆಗೆ ಹೀಗೆ ಎರಡು ಸಲ ಹೋಯಿತು. ಬಿದ್ದುಹೋದರೆ ಹೊಸದು ಹಾಕಿಸಿ, ಹಳೆ ನಂಬರನ್ನೂ ಹೇಳಿ. ಇಲ್ಲದಿದ್ದರೆ ದಾಖಲೆಯಲ್ಲಿ ಒಂದೇ ದನ ಎರಡಾಗುತ್ತದೆ. ನಂಬರುಗಳನ್ನು ಕೊಟ್ಟಿಗೆ ಬಾಗಿಲ ಹಿಂದೆ ಇದ್ದಿಲಲ್ಲಿ ಬರೆದಿಟ್ಟರೂ ನಡೆಯುತ್ತದೆ.

ದನ ರಾತ್ರಿ ಸರಿ ಇತ್ತು, ಬೆಳಿಗ್ಗೆ ಸತ್ತಿತ್ತು. ಮೂಗಿಂದ ರಕ್ತ. ಹುಗಿದುಬಿಡಲಾ?

ಮುಟ್ಟಬೇಡಿ, ಮೊದಲು ಫೋನ್ ಮಾಡಿ. ದಿಢೀರ್ ಸಾವು, ಮೂಗು, ಬಾಯಿ, ಹಿಂಭಾಗದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಅಂದರೆ ಆಂಥ್ರಾಕ್ಸ್ ಇರಬಹುದು. ಇದು ಮನುಷ್ಯರಿಗೂ ಬರುತ್ತದೆ. ಚರ್ಮ ಸುಲಿಯಬಾರದು, ಕೊಯ್ದು ನೋಡಲೇಬಾರದು. ಹೆಣ ಬಿಚ್ಚಿದರೆ ರೋಗಾಣು ಗಾಳಿಗೆ ಸಿಕ್ಕಿ ಗಟ್ಟಿ ಬೀಜದ ಹಾಗೆ ಆಗುತ್ತದೆ. ಆ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ. ಡಾಕ್ಟರು ಕೂಡ ಕಿವಿಯಿಂದ ಒಂದು ಹನಿ ರಕ್ತವಷ್ಟೇ ತೆಗೆಯುತ್ತಾರೆ.

ಹುಗಿಯುವುದು ಆರಡಿ ಆಳದಲ್ಲಿ, ಸುಣ್ಣ ಹಾಕಿ, ಬಾವಿ ಹಳ್ಳಗಳಿಂದ ದೂರ. ಹೇಳುವುದು ಸುಲಭ. ಘಟ್ಟದ ಮೇಲೆ ಜಂಬಿಟ್ಟಿಗೆ ಕಲ್ಲು, ಗುದ್ದಲಿ ಹಾರುತ್ತದೆ. ಘಟ್ಟದ ಕೆಳಗೆ ಮೂರಡಿಗೇ ನೀರು. ಜೆಸಿಬಿ ಯಾರದ್ದು, ಜಾಗ ಯಾವುದು ಅಂತ ಪಂಚಾಯತಿಯಲ್ಲಿ ಮೊದಲೇ ಗೊತ್ತು ಮಾಡಿಟ್ಟರೆ ಒಳ್ಳೆಯದು. ಹೆಣ ನಾರಲು ಶುರುವಾದ ಮೇಲೆ ಆ ಚರ್ಚೆ ಜಗಳವಾಗಿಯೇ ಮುಗಿಯುತ್ತದೆ.

ಹುಚ್ಚುನಾಯಿ ಕಚ್ಚಿದ ಎಮ್ಮೆ ಹಾಲು ಎಲ್ಲರೂ ಕುಡಿದಾಗಿದೆ. ಎಂತ ಮಾಡೋದು?

ಕುದಿಸಿದ ಹಾಲಿನಿಂದ ರೇಬಿಸ್ ಬರುವುದಿಲ್ಲ. ನಿಜವಾದ ಅಪಾಯ ಜೊಲ್ಲಿನಲ್ಲಿದೆ. ಎಮ್ಮೆ ಮೇವು ನುಂಗುತ್ತಿಲ್ಲ, ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಕೈ ಹಾಕಿ ನೋಡಿದವರು ಯಾರಾದರೂ ಇದ್ದಾರಾ ನೆನಪು ಮಾಡಿಕೊಳ್ಳಿ. ಇದ್ದರೆ ಅವರು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಾಯಿ ಕಚ್ಚಿದ ಗಾಯವನ್ನು, ಮನುಷ್ಯರದ್ದಾಗಲಿ ದನದ್ದಾಗಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಆಮೇಲೆ ಲಸಿಕೆ.

### ನಮ್ಮ ಜಿಲ್ಲೆಯ ಪಾಡು

ಕಾಡಲ್ಲಿ ಮಂಗ ಸತ್ತರೆ ದನದ ಡಾಕ್ಟರಿಗೆ ಎಂತ ಕೆಲಸ?

ಈ ಜಿಲ್ಲೆಯಲ್ಲಿ ನಿಗಾ ಅಂದರೆ ಏನು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

1957ರಲ್ಲಿ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಜನಕ್ಕೂ ಜ್ವರ ಬಂತು. ಆಗ ಗೊತ್ತಾಗಿದ್ದೇ ಮಂಗನ ಕಾಯಿಲೆ. ಆ ವೈರಸ್ಸಿಗೆ ಇವತ್ತಿಗೂ ಪ್ರಪಂಚದ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರೇ ಇದೆ. ಹರಡುವುದು ಉಣುಗು, ಅಂದರೆ ಉಣ್ಣೆ ಹುಳ. ಎಳೆಯ ಉಣುಗು ಎಳ್ಳಿಗಿಂತ ಸಣ್ಣದು, ಕಾಲಿಗೆ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಮಳೆ ನಿಂತು ದರಕು, ಅಂದರೆ ಒಣಗಿದ ಎಲೆ, ಉದುರುವ ಹೊತ್ತಿಗೆ ಶುರುವಾಗಿ ಮೇ ತಿಂಗಳವರೆಗೂ ಇದರ ಕಾಲ. ನಾವು ದರಕು ಗುಡಿಸಲು ಬೆಟ್ಟಕ್ಕೆ ಹೋಗುವುದೂ ಆಗಲೇ. ಸಿದ್ದಾಪುರದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಕೆಂಪು ಮೂತಿಯ ಮಂಗ, ಕಪ್ಪು ಮೂತಿಯ ಮುಸ್ಯ ಎರಡೂ ಈ ರೋಗಕ್ಕೆ ಬಲಿಯಾಗುತ್ತವೆ. ಮಂಗ ಸತ್ತು ಮೈ ತಣ್ಣಗಾದರೆ ಅದರ ಮೇಲಿದ್ದ ಉಣುಗು ಕೆಳಗಿಳಿದು ಸುತ್ತ ಹರಡುತ್ತದೆ. ಹಾಗಾಗಿ ಸತ್ತ ಮಂಗ ಅಂದರೆ ಊರಿಗೆ ಬಂದ ಮುನ್ನೆಚ್ಚರಿಕೆ. ಹೆಣ ಅರಣ್ಯ ಇಲಾಖೆಗೆ ಸೇರಿದ್ದು. ಕೊಯ್ದು ಸ್ಯಾಂಪಲ್ ತೆಗೆಯುವವರು ಪಶುವೈದ್ಯರು. ಸುತ್ತ ಕೀಟನಾಶಕ ಹೊಡೆಸಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಮನೆಮನೆಗೆ ಹಂಚಿ, ಜ್ವರದವರನ್ನು ಹುಡುಕುವುದು ಆರೋಗ್ಯ ಇಲಾಖೆ. ಮೂರು ಇಲಾಖೆ, ಒಂದು ಮಂಗ. ಮೂರರಲ್ಲಿ ಒಂದು ತಡವಾದರೂ ಉಳಿದ ಎರಡರ ಓಡಾಟ ದಂಡ.

ನೀವು ಮಾಡಬೇಕಾದ್ದು ಇಷ್ಟೆ: ಹತ್ತಿರ ಹೋಗದೆ, ಜಾಗದ ಗುರುತು ಹಿಡಿದು, ಫಾರೆಸ್ಟ್ ಗಾರ್ಡಿಗೋ ಆಶಾ ಕಾರ್ಯಕರ್ತೆಗೋ ಅವತ್ತೇ ಹೇಳುವುದು. ಹಳೆಯ ಲಸಿಕೆ ಸಾಲದೆಂದು 2022ರಿಂದ ಅದನ್ನು ನಿಲ್ಲಿಸಿದ್ದಾರೆ. ಅದಕ್ಕೇ ಈ ಸುದ್ದಿಗೆ ಮೊದಲಿಗಿಂತ ಬೆಲೆ ಜಾಸ್ತಿ.

ಹಂಗಾದ್ರೆ ದನ ಬೆಟ್ಟಕ್ಕೆ ಬಿಡಲೇಬಾರದಾ?

ಬಿಡದೆ ನಡೆಯುತ್ತದಾ? ದನಕ್ಕೆ ಮಂಗನ ಕಾಯಿಲೆ ತೊಂದರೆ ಕೊಡುವುದಿಲ್ಲ. ಆದರೆ ದೊಡ್ಡ ಉಣುಗು ದನದ ರಕ್ತ ಕುಡಿದೇ ಮೊಟ್ಟೆಯಿಡಲು ತಯಾರಾಗುವುದು. ಮೈಗೆ ಹತ್ತಿಕೊಂಡು ಕೊಟ್ಟಿಗೆಗೂ ಬರುತ್ತದೆ. ಮಂಗ ಸತ್ತ ಸುದ್ದಿ ಬಂದ ಬೆಟ್ಟಕ್ಕೆ ಆ ಬೇಸಿಗೆ ಬಿಡಬೇಡಿ. ಉಣುಗಿನ ಔಷಧಿಯನ್ನು ಡಾಕ್ಟರನ್ನು ಕೇಳಿ ಅಳತೆಯಲ್ಲಿ ಹಚ್ಚಿ. ಕೊಟ್ಟಿಗೆಗೆ ಹಾಕಲು ಆ ಬೆಟ್ಟದ ದರಕು ತರಬೇಡಿ.

ನೆರೆ ಬಂದಾಗ ದನಗಳ ಗತಿ ಏನು? ಪರಿಹಾರ ಇದೆಯಾ?

2019ರಲ್ಲೂ 2021ರಲ್ಲೂ ಕಾಳಿ, ಗಂಗಾವಳಿ ದಂಡೆಯವರು ನೋಡಿದ್ದಾರೆ. ಮನೆಯವರು ದೋಣಿ ಹತ್ತುತ್ತಾರೆ, ದನ ಕಟ್ಟಿದಲ್ಲೇ ಉಳಿಯುತ್ತದೆ. ಏನೂ ಮಾಡಲಾಗದಿದ್ದರೂ ಕಣ್ಣಿ ಬಿಚ್ಚಿ ಬನ್ನಿ. ಈಜಿ ದಡ ಹತ್ತುವ ದನ ಕಟ್ಟಿದ್ದರಿಂದಲೇ ಸಾಯುತ್ತದೆ.

ನೆರೆಯಲ್ಲಿ ಸತ್ತರೆ ವಿಪತ್ತು ಪರಿಹಾರ ನಿಧಿಯಿಂದ ಸಿಗುತ್ತದೆ. 2022ರ ನಿಯಮದಂತೆ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಆಡು, ಕುರಿಗೆ 4,000. ಗ್ರಾಮ ಆಡಳಿತಾಧಿಕಾರಿಯ ಮಹಜರು, ಪಶುವೈದ್ಯರ ಪತ್ರ ಬೇಕು. ಹೆಣ ಹುಗಿಯುವ ಮುಂಚೆ ಕಿವಿಯ ಬಿಲ್ಲೆ ಕಾಣುವಂತೆ ಫೋಟೋ ತೆಗೆಯಿರಿ.

ಈ ದುಡ್ಡು ಪ್ರಕೃತಿ ವಿಕೋಪಕ್ಕೆ ಮಾತ್ರ. ರೋಗಕ್ಕೆ ಸತ್ತರೆ ಆಯಾ ಕಾಲದಲ್ಲಿ ಸರ್ಕಾರ ಬೇರೆ ಆದೇಶ ಮಾಡಬೇಕು. 2022ರ ಚರ್ಮಗಂಟಿಗೆ ಕರ್ನಾಟಕ ಹಾಗೆ ಮಾಡಿತ್ತು: ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000. ನೀರು ಇಳಿದ ಮೇಲೆ ಗಳಲೆ, ಇಲಿ ಜ್ವರ ಬರುತ್ತವೆ. ಗಳಲೆ ಲಸಿಕೆ ಮಳೆಗಾಲಕ್ಕೆ ಮೊದಲೇ ಆಗಿರಬೇಕು.

ಶೆಟ್ಲಿ ಕೆರೆಯವರಿಗೂ ಇದೆಲ್ಲ ಉಂಟಾ?

ಉಂಟು, ದಾರಿ ಬೇರೆ. ಅಘನಾಶಿನಿ ಹೊಳೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಶೆಟ್ಲಿ (ಸೀಗಡಿ) ಬೆಳೆಯುವವರಿಗೆ ಬಿಳಿಚುಕ್ಕೆ ರೋಗ ಗೊತ್ತೇ ಇದೆ. ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಮೂಡಿದರೆ ಕೆಲವೇ ದಿನಗಳಲ್ಲಿ ಕೆರೆ ಖಾಲಿ. ಮೀನು, ಸೀಗಡಿ ರೋಗಗಳಿಗೆ 2013ರಿಂದ ಬೇರೆಯೇ ರಾಷ್ಟ್ರೀಯ ನಿಗಾ ಕಾರ್ಯಕ್ರಮ ಇದೆ. 2023ರಲ್ಲಿ ರೈತರೇ ತಿಳಿಸಲು 'ರಿಪೋರ್ಟ್ ಫಿಶ್ ಡಿಸೀಸ್' ಅನ್ನುವ ಆ್ಯಪ್ ಬಂತು. ಒಂದು ಮಾತು: ರೋಗ ಬಿದ್ದ ಕೆರೆಯ ನೀರನ್ನು ರಾತ್ರೋರಾತ್ರಿ ಹೊಳೆಗೆ ಬಿಡಬೇಡಿ. ನಿಮ್ಮ ಕೆರೆಯಿಂದ ಬಿಟ್ಟದ್ದು ಭರತದಲ್ಲಿ, ಅಂದರೆ ಸಮುದ್ರ ಉಬ್ಬಿದಾಗ, ಪಕ್ಕದವರ ತೂಬಿನೊಳಗೆ ಹೋಗುತ್ತದೆ.

### ಲ್ಯಾಬು, ದಿಲ್ಲಿ ಮತ್ತು ಅದರಾಚೆ

ಸ್ಯಾಂಪಲ್ ತಗೊಂಡು ಹೋದ್ರು. ವರದಿ ಬರಲೇ ಇಲ್ಲ. ಅದು ಎಲ್ಲಿ ಹೋಗ್ತದೆ?

ಸಾಮಾನ್ಯವಾಗಿ ಬೆಂಗಳೂರಿನ ಹೆಬ್ಬಾಳಕ್ಕೆ. ಅಲ್ಲಿನ ಪಶು ಆರೋಗ್ಯ ಸಂಸ್ಥೆಯಲ್ಲಿ ದಕ್ಷಿಣದ ರಾಜ್ಯಗಳಿಗೆ ಪ್ರಾದೇಶಿಕ ಪ್ರಯೋಗಾಲಯ ಇದೆ. ಹಕ್ಕಿ ಜ್ವರದಂಥದ್ದಾದರೆ ಕೊನೆಯ ಮಾತು ಭೋಪಾಲದ್ದು. ಅತಿ ಅಪಾಯದ ರೋಗಾಣು ಹೊರಬೀಳದ ಹಾಗೆ ಕಟ್ಟಿದ ಲ್ಯಾಬು ಅಲ್ಲಿದೆ. ಕಾಲುಬಾಯಿಗೆ ಬೇರೆಯೇ ರಾಷ್ಟ್ರೀಯ ಸಂಸ್ಥೆ, ಭುವನೇಶ್ವರದಲ್ಲಿ.

ಶಿರಸಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ಐಸ್ ಡಬ್ಬಿಯಲ್ಲಿ ಹೊರಟ ಸ್ಯಾಂಪಲ್ ಐಸ್ ಕರಗುವ ಮುಂಚೆ ತಲುಪಬೇಕು. ಕೊಳೆತು ತಲುಪಿದರೆ "ಪರೀಕ್ಷೆಗೆ ಯೋಗ್ಯವಲ್ಲ" ಅಂತ ವಾಪಸ್. ಮೇಲಿನವರ ಹಾಳೆಯಲ್ಲಿ ಒಂದು ಸಾಲು ಸೇರಿದರೂ ಕೆಳಗೆ ದನದ ಮನೆಯವರಿಗೆ ಒಂದು ಮಾತು ಹೇಳುವ ಅಭ್ಯಾಸ ಕಡಿಮೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ದೊಡ್ಡ ಓರೆ ಇದೇ. ಒಮ್ಮೆ ವರದಿ ಕಾಣದವರು ಎರಡನೇ ಸಲ ಫೋನ್ ಮಾಡುವುದಿಲ್ಲ. ಸ್ಯಾಂಪಲ್ ತೆಗೆದ ದಿನವೇ ಅದರ ನಂಬರ್ ಬರೆಸಿಕೊಳ್ಳಿ, ಹದಿನೈದು ದಿನಕ್ಕೆ ಹೋಗಿ ಕೇಳಿ.

ರೋಗ ಬರೋ ಮೊದಲೇ ಹೇಳೋರು ಯಾರಾದ್ರೂ ಇದ್ದಾರಾ?

ಇದ್ದಾರೆ, ನಮ್ಮ ರಾಜ್ಯದಲ್ಲೇ. ಯಲಹಂಕದ ನಿವೇದಿ, ಜಾನುವಾರು ರೋಗಗಳ ಲೆಕ್ಕ ಇಡುವ ಕೇಂದ್ರದ ಸಂಸ್ಥೆ. ಹಳೆಯ ರೋಗಗಳ ಲೆಕ್ಕ, ಮಳೆ, ಬಿಸಿಲು, ಜಾನುವಾರು ಸಂಖ್ಯೆ ಎಲ್ಲ ಕೂಡಿಸಿ, ಯಾವ ಜಿಲ್ಲೆಗೆ ಯಾವ ರೋಗ ಬರಬಹುದು ಅಂತ ಎರಡು ತಿಂಗಳು ಮೊದಲೇ ಹೇಳುತ್ತದೆ. ಹವಾಮಾನ ಇಲಾಖೆಯ ಮಳೆ ಮುನ್ಸೂಚನೆ ಇದ್ದ ಹಾಗೆ, ಕೆಲವೊಮ್ಮೆ ತಪ್ಪೂ ಆಗಬಹುದು. ನಾವು ಹೇಳದೆ ಮುಚ್ಚಿಟ್ಟ ವರ್ಷ ಆ ಲೆಕ್ಕದಲ್ಲಿ ನಮ್ಮ ತಾಲೂಕು ಆರೋಗ್ಯವಾಗಿತ್ತು ಅಂತ ದಾಖಲಾಗುತ್ತದೆ. ಮುಂದಿನ ಸಲ ಲಸಿಕೆ ಮೊದಲು ಬೇರೆ ಕಡೆಗೆ ಹೋದರೆ ಯಾರನ್ನು ದೂರುವುದು?

ಆರು ತಿಂಗಳಿಗೊಮ್ಮೆ ಚುಚ್ಚಿ ಹಾಲು ಇಳಿಸ್ತಾರೆ. ಇದಕ್ಕೆ ಕೊನೆ ಇಲ್ವಾ?

ಕಾಲುಬಾಯಿ ಲಸಿಕೆ ಚುಚ್ಚಿದ ಮೇಲೆ ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯುವುದು ನಿಜ. ಪುಸ್ತಕದಲ್ಲಿ ನಾನೇ ನೋಡಿದ್ದೇನೆ, ವಾರದಲ್ಲಿ ಸರಿಯಾಗುತ್ತದೆ. ಕಾಲುಬಾಯಿ ಬಂದ ದನ ಆ ಸೂಲು ಪೂರ್ತಿ ಮೊದಲಿನಂತೆ ಕರೆಯುವುದು ಕಷ್ಟ. ಕಾಲುಬಾಯಿ ಮತ್ತು ಕಂದು ರೋಗದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 2019ರಲ್ಲಿ, ಐದು ವರ್ಷಕ್ಕೆ 13,343 ಕೋಟಿ ರೂಪಾಯಿ ಇಟ್ಟು. ಕಂದು ರೋಗದ ಲಸಿಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಂದೇ ಸಲ.

ಕೊನೆ ಇದೆಯಾ ಅಂದರೆ, ಹಿಂದೆ ಒಂದು ರೋಗಕ್ಕೆ ಕೊನೆ ಕಾಣಿಸಿದ್ದೇವೆ. ಅಜ್ಜಂದಿರು ದೊಡ್ಡರೋಗ ಅನ್ನುತ್ತಿದ್ದರು, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್, ಕೊಟ್ಟಿಗೆಗೆ ಕೊಟ್ಟಿಗೆ ಖಾಲಿ ಮಾಡುತ್ತಿದ್ದದ್ದು. 1954ರಲ್ಲಿ ದೇಶವ್ಯಾಪಿ ಲಸಿಕೆ ಶುರುವಾಯಿತು. 2006ರಲ್ಲಿ ಭಾರತ ಅದರಿಂದ ಮುಕ್ತ ಅಂತ ಒಪ್ಪಿಗೆ ಸಿಕ್ಕಿತು, 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಈಗಿನ ಹುಡುಗರಿಗೆ ಆ ಹೆಸರೂ ಗೊತ್ತಿಲ್ಲ.

ಹಕ್ಕಿ ಜ್ವರ ಬಂದ್ರೆ ಮನೆ ಹಿಂದಿನ ನಾಲ್ಕು ನಾಟಿಕೋಳಿಯನ್ನೂ ಕೊಲ್ತಾರಾ?

ರೋಗ ಖಚಿತವಾದ ಜಾಗದಿಂದ 1 ಕಿಲೋಮೀಟರ್ ಒಳಗಿದ್ದರೆ ಹೌದು. ಫಾರಂ ಕೋಳಿ, ಮನೆ ಕೋಳಿ ಅಂತ ಭೇದ ಇಲ್ಲ. ಅಲ್ಲಿಂದ 10 ಕಿಲೋಮೀಟರ್‌ವರೆಗೆ ಕಣ್ಣಿಡುತ್ತಾರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಬಂದಾಗಿನಿಂದ ಬೆಳೆದುಬಂದ ಪದ್ಧತಿ ಇದು. ಪರಿಹಾರ ಇದೆ, ಕೇಂದ್ರ ರಾಜ್ಯ ಅರ್ಧರ್ಧ. ಆದರೆ ಅದು ಸಿಬ್ಬಂದಿ ಕೊಂದ ಕೋಳಿಗೆ. ಮೊದಲೇ ರೋಗಕ್ಕೆ ಸತ್ತಿದ್ದಕ್ಕೆ ಇಲ್ಲ. ಮುಚ್ಚಿಟ್ಟವರಿಗೆ ಕೋಳಿಯೂ ಇಲ್ಲ, ದುಡ್ಡೂ ಇಲ್ಲ.

ಇಷ್ಟೆಲ್ಲ ಇಲಾಖೆ, ಲ್ಯಾಬು. ಮೇಲೆ ಒಬ್ಬ ಯಜಮಾನ ಅಂತ ಇಲ್ವಾ?

ಇಲ್ಲ, ಅದಕ್ಕೆ ಕಾರಣ ಸಂವಿಧಾನದಲ್ಲೇ ಇದೆ. ಪ್ರಾಣಿರೋಗ ತಡೆಯುವುದು ರಾಜ್ಯಗಳ ಪಟ್ಟಿಯಲ್ಲಿದೆ. ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟದಂತೆ ತಡೆಯುವುದು ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ. ಕಾರವಾರದ ದನಕ್ಕೆ ರಾಜ್ಯ ಹೊಣೆ. ಅದೇ ರೋಗ ಮಾಜಾಳಿ ದಾಟಿ ಗೋವಾ ಸೇರುವ ಹಾಗಿದ್ದರೆ ಕೇಂದ್ರವೂ ಬಾಯಿ ಹಾಕಬಹುದು. ದಿಲ್ಲಿಯ ಪಶುಸಂಗೋಪನೆ ಇಲಾಖೆ ದುಡ್ಡು, ಲಸಿಕೆ, ಸಲಹೆ ಕೊಡುತ್ತದೆ. ನಮ್ಮೂರಿನ ಡಾಕ್ಟರು ಮಾತ್ರ ರಾಜ್ಯದ ನೌಕರ.

ಈ ಬಿರುಕಿಗೆ ತೇಪೆ ಹಾಕುವ ಕೆಲಸ ಈಚೆಗೆ ಜೋರಾಗಿದೆ. 2023ರ ಏಪ್ರಿಲಿನಲ್ಲಿ ಪ್ರಾಣಿ ಪಿಡುಗುಗಳಿಗೆ ತಯಾರಿಯ ಯೋಜನೆ ಶುರುವಾಯಿತು. ಅದರ ಜೊತೆ ವಿಶ್ವಬ್ಯಾಂಕ್ ನೆರವಿನಲ್ಲಿ ಐದು ರಾಜ್ಯಗಳ ಪಶು ಆರೋಗ್ಯ ವ್ಯವಸ್ಥೆ ಗಟ್ಟಿಮಾಡುವ ಯೋಜನೆಯೂ ಬಂತು. ಐದರಲ್ಲಿ ಕರ್ನಾಟಕವೂ ಒಂದು. 2024ರ ಅಕ್ಟೋಬರಿನಲ್ಲಿ ಪ್ರಾಣಿರೋಗಗಳ ತುರ್ತು ನಿರ್ವಹಣೆಯ ಕೈಪಿಡಿ ಹೊರಬಂತು. ಮನುಷ್ಯ, ಪ್ರಾಣಿ, ಕಾಡು ಮೂರನ್ನೂ ಒಟ್ಟಿಗೆ ನೋಡುವ 'ಒನ್ ಹೆಲ್ತ್' ಮಿಷನ್ ಬೇರೆ ಇದೆ, ಅದಕ್ಕೆ ನಾಗಪುರದಲ್ಲಿ ಸಂಸ್ಥೆ. ಸಿದ್ದಾಪುರದಲ್ಲಿ ಒಂದು ಮಂಗಕ್ಕೆ ಮೂರು ಇಲಾಖೆ ಓಡಾಡುವುದನ್ನು ಕಂಡವರಿಗೆ ಇದೇನು ಹೊಸ ತತ್ವ ಅನ್ನಿಸುವುದಿಲ್ಲ.

ನಮ್ಮ ರೋಗದ ಲೆಕ್ಕ ಪ್ಯಾರಿಸ್‌ಗೂ ಹೋಗ್ತದಂತೆ. ಅವರಿಗೆ ಎಂತಕ್ಕೆ?

ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇರುವುದು ಅಲ್ಲಿ. ಹೊಸ ಅಥವಾ ಗಂಭೀರ ರೋಗ ಖಚಿತವಾದರೆ ಸದಸ್ಯ ದೇಶಗಳು 24 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. ಮಾಂಸ, ಮೊಟ್ಟೆ, ಹಾಲಿನ ರಫ್ತು ಅದರ ಮೇಲೆ ನಿಂತಿದೆ.

ಆ ಸಂಸ್ಥೆ ಹುಟ್ಟಿದ್ದರಲ್ಲಿ ನಮ್ಮ ದನಗಳ ಪಾಲೂ ಇದೆ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟ ದನಗಳು ದಾರಿಯಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಇಳಿದವು. ಜೊತೆಗೆ ದೊಡ್ಡರೋಗವೂ ಇಳಿಯಿತು. ಗಾಬರಿಯಾದ ದೇಶಗಳು ಸಭೆ ಸೇರಿದವು. 1924ರಲ್ಲಿ 28 ದೇಶಗಳು ಸಹಿ ಹಾಕಿ ಆ ಸಂಸ್ಥೆ ಕಟ್ಟಿದವು.

ಬೆಂಕಿ ಆರಿಸೋ ಅಣಕು ಕವಾಯತು ಮಾಡ್ತಾರಲ್ಲ, ರೋಗಕ್ಕೂ ಹಾಗೆ ಮಾಡ್ತಾರಾ?

2024ರ ಆಗಸ್ಟಿನಲ್ಲಿ ರಾಜಸ್ಥಾನದ ಅಜ್ಮೇರಿನಲ್ಲಿ ಮಾಡಿದರು. ಹೆಸರು 'ವಿಷಾಣು ಯುದ್ಧ ಅಭ್ಯಾಸ'. ಇಲ್ಲದ ರೋಗವೊಂದು ಬಂದಿದೆ ಅಂತಿಟ್ಟುಕೊಂಡು, ಆರೋಗ್ಯ, ಪಶು, ಅರಣ್ಯ ಇಲಾಖೆಯವರು ಎಷ್ಟು ಬೇಗ ಒಬ್ಬರಿಗೊಬ್ಬರು ಸಿಗುತ್ತಾರೆ ಅಂತ ಪರೀಕ್ಷೆ ಮಾಡಿದರು.

ಅಷ್ಟು ದೊಡ್ಡದು ಬೇಡ ಅಂದರೆ ನಮ್ಮ ಸೊಸೈಟಿಯಲ್ಲಿ ಮಾಡಿದ್ದು ಹೇಳುತ್ತೇನೆ. ಒಂದು ಭಾನುವಾರ, ಕೆಳಗಿನಕೇರಿಯಲ್ಲಿ ಕಾಲುಬಾಯಿ ಬಂದಿದೆ ಅಂತ ಸುಳ್ಳು ಹೇಳಿ, ಎಲ್ಲ ಮನೆಗೂ ಸುದ್ದಿ ಮುಟ್ಟಲು ಎಷ್ಟು ಹೊತ್ತು ಅಂತ ನೋಡಿದೆವು. ವಾಟ್ಸಾಪ್ ಇದ್ದ ಮನೆಗೆ ಹತ್ತು ನಿಮಿಷ. ನೆಟ್‌ವರ್ಕ್ ಸಿಗದ ಹೊಳೆಯಾಚೆಯ ಮೂರು ಮನೆಗೆ ಸುದ್ದಿ ಮುಟ್ಟಿದ್ದು ಮಾರನೇ ದಿನ ಬೆಳಿಗ್ಗೆ, ಅವರೇ ಕ್ಯಾನು ಹಿಡಿದು ಸಾಲಿಗೆ ಬಂದಾಗ. ಈಗ ಆ ಮೂರು ಮನೆಗೆ ಓಡುವುದು ಹೊಳೆ ದಾಟುವ ಸಂಕದ ಹತ್ತಿರದ ಮನೆಯ ಹುಡುಗನ ಪಾಲು.